ಎದೆಯ ನಡುಕಕ್ಕೂ ಮೇಲು ಕೀಳೆ?

ಎಂ.ಕೆ. ಹುಬ್ಬಳ್ಳಿಗೆ ಹೋದವರು ಮಲಪ್ರಭೆಯ ಒಡಲಲ್ಲಿಯೇ ನಿಂತಿರುವ ಶರಣೆ ಗಂಗಾಂಬಿಕೆಯವರ ಐಕ್ಯಮಂಟಪಕ್ಕೆ ಕೈ ಮುಗಿಯದೆ ಮರಳುವುದಿಲ್ಲ. ಕಲ್ಯಾಣದಲ್ಲಿ ಹರಳಯ್ಯ-ಮಧುವರಸರಿಗೆ ಮರಣದಂಡನೆಯಾದ ಬಳಿಕ ಶರಣರು ದಿಕ್ಕುದಿಕ್ಕಿಗೆ ಚದುರಿದರು, ಚೆನ್ನಬಸವಣ್ಣನವರೊಡನೆ ಉಳವಿಯತ್ತ ಹೊರಟ ಸಮೂಹವನ್ನು ಸೈನ್ಯವು ಬೆನ್ನಟ್ಟಿತು, ಕಾದರವಳ್ಳಿಯಲ್ಲಿ ಕಾಳಗವಾಯಿತು, ಗಂಗಾಂಬಿಕೆಯವರು ಈ ಹೊಳೆಯ ದಡದಲ್ಲಿ ಲಿಂಗೈಕ್ಯರಾದರು ಎಂದು ನಮ್ಮ ಪರಂಪರೆ ಹೇಳುತ್ತ ಬಂದಿದೆ.

ಈ ಪ್ರಸಂಗವನ್ನು ನಾವು ಪುರಾಣ-ಪ್ರವಚನಗಳಲ್ಲಿ ಶೌರ್ಯದ ಕಥೆಯಾಗಿ ವರ್ಣಿಸುತ್ತೇವೆ. ಅದು ಶೌರ್ಯದ ಕಥೆ ಅಹುದು. ಆದರೆ ಬೆನ್ನ ಹಿಂದೆ ಕುದುರೆಗಳ ಸಪ್ಪಳ, ಕಂಕುಳಲ್ಲಿ ವಚನದ ಕಟ್ಟು, ಮಡಿಲಲ್ಲಿ ಹಸುಗೂಸು, ಹೀಗೆ ರಾತ್ರಿಯಿಡೀ ನಡೆದ ಆ ತಾಯಂದಿರ ಎದೆ ನಡುಗಿರಲಿಲ್ಲವೇ? ನಡುಗಿಯೇ ಇದ್ದೀತು. ಹಾಗೆ ನಡುಗಿದುದರಿಂದ ಅವರ ಶರಣತ್ವಕ್ಕೆ ಕುಂದು ಬಂದಿತೆಂದು ಹೇಳುವ ಧಾರ್ಷ್ಟ್ಯ ನಮ್ಮಲ್ಲಿ ಯಾರಿಗೂ ಇಲ್ಲ.

ಕಣಕುಂಬಿಯಲ್ಲಿ ಹುಟ್ಟುವ ಈ ಹೊಳೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ನೆಲವನ್ನು ಹಾಯ್ದು ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಈ ನಾಲ್ಕು ತಾಲೂಕುಗಳಲ್ಲಿ ಇಂದಿಗೂ ರಾತ್ರಿಯಿಡೀ ನಡುಗುವ ಎದೆಗಳಿವೆ. ಅವುಗಳಲ್ಲಿ ಹೆಚ್ಚಿನವು ಯಾರವು? ಯಾರ ನಡುಕಕ್ಕೆ ಔಷಧ ದೊರೆಯುತ್ತದೆ, ಯಾರ ನಡುಕಕ್ಕೆ ಬರಿಯ ಬುದ್ಧಿಮಾತು ದೊರೆಯುತ್ತದೆ? ಈ ಪ್ರಶ್ನೆಗಳನ್ನು ವಾಚಕರ ಮುಂದಿಡುವ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ.

ಒಂದೇ ವಾರ, ಒಂದೇ ಬೇನೆ

ಕೆಲವು ವರ್ಷಗಳ ಹಿಂದಿನ ಶ್ರಾವಣಮಾಸ. ಬೈಲಹೊಂಗಲ ತಾಲೂಕಿನ ಒಂದು ಹಳ್ಳಿಯಲ್ಲಿ ನಾವು ತಿಂಗಳ ಪುರಾಣ ನಡೆಸುತ್ತಿದ್ದೆವು. ಒಂದು ರಾತ್ರಿ ಮಂಗಲವಾದ ಮೇಲೆ ಜನರೆಲ್ಲ ಚದುರಿದಾಗ ಕಟ್ಟೆಯ ಕೆಳಗೆ, ದೀಪದ ಬೆಳಕು ಅರ್ಧ ಬೀಳುವಲ್ಲಿ, ಒಬ್ಬ ಹೆಣ್ಣುಮಗಳು ನಿಂತಿದ್ದಳು. ಊರ ಹೊರಗಿನ ಕೇರಿಯವಳು, ಕಬ್ಬಿನ ಕಳೆ ತೆಗೆಯುವ ಕೂಲಿಯವಳು. "ಅಜ್ಜಾರ, ಎದಿ ಡವಡವ ಅಂತೈತ್ರಿ. ಜೀವ ಹಾರಿ ಹೋದಂಗ ಆಗತೈತಿ. ರಾತ್ರಿ ಯಾರೋ ಬಾಗಲಾ ಬಡದಂಗ ಅನಸತೈತಿ, ಎದ್ದು ಕೂಡತೇನಿ" ಎಂದಳು. ನಾವು ವಿಭೂತಿ ಕೊಟ್ಟು, "ಧೈರ್ಯ ತಂದುಕೋ ತಾಯಿ, ಶಿವನ ಮೇಲೆ ಭಾರ ಹಾಕು" ಎಂದು ಹೇಳಿ ಕಳಿಸಿದೆವು. ಅವಳು ತಲೆ ಬಾಗಿ ಹೋದಳು.

ಅದೇ ವಾರ ಅದೇ ಊರಿನ ವ್ಯಾಪಾರಸ್ಥ ಭಕ್ತರೊಬ್ಬರು ತಮ್ಮ ಮಗನನ್ನು ಕರೆತಂದರು. ಕಾಲೇಜಿಗೆ ಹೋಗುವ ಹುಡುಗ. ಎದೆ ಹೊಡೆದುಕೊಳ್ಳುವುದು, ಕೈ ಬೆವರುವುದು, ನಿದ್ರೆ ಇಲ್ಲದಿರುವುದು, ಲಕ್ಷಣಗಳು ಅವೇ. ಅವರಿಗೆ ನಾವು ವಿಭೂತಿ ಕೊಟ್ಟೆವು. ಅದರ ಜೊತೆಗೆ, "ತಡ ಮಾಡಬೇಡಿರಿ, ಧಾರವಾಡಕ್ಕೆ ಹೋಗಿ ಮನೋವೈದ್ಯರಿಗೆ ತೋರಿಸಿರಿ" ಎಂದೂ ಹೇಳಿದೆವು. ಪರಿಚಿತರೊಬ್ಬರಿಗೆ ದೂರವಾಣಿ ಮಾಡಿ ದಾರಿಯನ್ನೂ ಮಾಡಿಕೊಟ್ಟೆವು. ಹುಡುಗ ಗುಣಮುಖನಾದ.

ಒಂದೇ ವಾರ, ಒಂದೇ ಬೇನೆ. ಒಬ್ಬನಿಗೆ ವೈದ್ಯರು, ಇನ್ನೊಬ್ಬಳಿಗೆ ಉಪದೇಶ. ಆಗ ಈ ಭೇದ ನಮ್ಮ ಲಕ್ಷ್ಯಕ್ಕೇ ಬರಲಿಲ್ಲ. ಬಡವರ ಅಂಜಿಕೆಯು ಅವರ ಬಾಳಿಗೆ ಸಹಜವಾದದ್ದು, ಉಳ್ಳವರ ಅಂಜಿಕೆಯು ರೋಗ ಎಂದು ನಮ್ಮ ಮನಸ್ಸು ತನಗರಿವಿಲ್ಲದಂತೆಯೇ ತೀರ್ಮಾನಿಸಿಬಿಟ್ಟಿತ್ತು. ಸಮಾನತೆಯ ಮೇಲೆ ಅದೇ ರಾತ್ರಿ ಒಂದೂವರೆ ತಾಸು ಪ್ರವಚನ ಮಾಡಿದ ಬಾಯಿ ನಮ್ಮದು!

ಅಂಜಿಕೆ ಯಾವಾಗ ಬೇನೆಯಾಗುತ್ತದೆ?

ಅಂಜಿಕೆಯು ಜೀವರಕ್ಷಣೆಗಾಗಿ ದೇಹದಲ್ಲಿರುವ ಒಂದು ಏರ್ಪಾಟು. ಹೊಲದ ಕಾವಲಿಗೆ ಕಟ್ಟಿದ ನಾಯಿಯಂತೆ ಅದು. ಕಳ್ಳ ಬಂದಾಗ ಬೊಗಳಿದರೆ ಅದು ನಾಯಿಯ ಗುಣ. ಎಲೆ ಉದುರಿದರೂ ಗಾಳಿ ಬೀಸಿದರೂ ರಾತ್ರಿಯಿಡೀ ಬೊಗಳುತ್ತಲೇ ಇದ್ದರೆ ಮನೆಯವರಿಗೂ ನಿದ್ರೆಯಿಲ್ಲ, ನಾಯಿಗೂ ನೆಮ್ಮದಿಯಿಲ್ಲ. ಮನಸ್ಸಿನ ಕಾವಲು ಹೀಗೆ ಕೆಟ್ಟು ನಿಂತಾಗ ವೈದ್ಯರು ಅದನ್ನು ಆತಂಕ ಮನೋಬೇನೆ ಎನ್ನುತ್ತಾರೆ.

ಅದರ ರೂಪಗಳು ಹಲವು. ತಿಂಗಳುಗಟ್ಟಲೆ ಎಲ್ಲದರ ಬಗೆಗೂ ಚಿಂತೆ ಹತ್ತಿ ಬಿಡದಿರುವುದು ಒಂದು. ಆರು ತಿಂಗಳಿಗೂ ಮೀರಿ ಹೀಗಿದ್ದರೆ ವೈದ್ಯರು ಅದನ್ನು ಬೇನೆಯೆಂದು ಎಣಿಸುತ್ತಾರೆ. ಇದ್ದಕ್ಕಿದ್ದಂತೆ ಎದೆ ಬಡಿತ ಏರಿ, ಉಸಿರು ಕಟ್ಟಿ, ಇನ್ನೇನು ಪ್ರಾಣ ಹೋಯಿತೆನ್ನುವಂತಾಗಿ, ಕೆಲವು ನಿಮಿಷಗಳಲ್ಲಿ ಇಳಿದುಹೋಗುವ ಗಾಬರಿ ಇನ್ನೊಂದು. ಜನರ ಮುಂದೆ ನಿಲ್ಲಲಾಗದಿರುವುದು, ಮನೆಯ ಹೊಸ್ತಿಲು ದಾಟಲಾಗದಿರುವುದು, ನೆರೆ ಬೆಂಕಿ ಹಿಂಸೆಗಳನ್ನು ಕಂಡವರಿಗೆ ಆ ದೃಶ್ಯವೇ ಮರಳಿ ಮರಳಿ ಬರುವುದು, ಇವೂ ಇದೇ ಬಳಗಕ್ಕೆ ಹತ್ತಿರವಾದವು.

ನಮ್ಮ ಸೀಮೆಯ ಆಡುಮಾತಿನಲ್ಲಿ ಇವಕ್ಕೆ ಬೇರೆ ಹೆಸರುಗಳಿವೆ. ಜೀವ ಘಾಬರಿಯಾಗುವುದು, ಹೆದರಿಕೆ ಕೂತಿರುವುದು, ಗಾಳಿ ಬಡಿದಿರುವುದು, ನರದ ಅಶಕ್ತತೆ, ಈಚೆಗೆ ಎಲ್ಲರ ಬಾಯಲ್ಲೂ ಟೆನ್ಶನ್. ಮನಸ್ಸು ಎಂಬ ಮಾತು ಯಾರ ಬಾಯಿಂದಲೂ ಬರುವುದಿಲ್ಲ. ಎದೆ, ತಲೆ, ಹೊಟ್ಟೆ, ಕೈಕಾಲು ಎನ್ನುತ್ತಾರೆ. ಆದುದರಿಂದಲೇ ರೋಗಿಯು ಮೊದಲು ಹೋಗುವುದು ಸಲಾಯಿನ್ ಹಚ್ಚುವವರ ಬಳಿಗೆ, ಇಲ್ಲವೇ ತಾಯತ ಕಟ್ಟುವವರ ಬಳಿಗೆ. ರಕ್ತಹೀನತೆ, ಥೈರಾಯ್ಡ್ ದೋಷಗಳಿಂದಲೂ ಎದೆ ಹೊಡೆದುಕೊಳ್ಳುವುದುಂಟು. ಅವನ್ನು ಮೊದಲು ಪರೀಕ್ಷಿಸಬೇಕೆಂಬುದು ನಿಜ. ಆದರೆ ರಕ್ತ ಸರಿಯಿದೆ, ಹೃದಯ ಸರಿಯಿದೆ ಎಂದ ಮೇಲೂ ನಡುಕ ನಿಲ್ಲದಿದ್ದರೆ, "ನಿನಗೇನೂ ಆಗಿಲ್ಲ" ಎಂದು ಹೇಳಿ ಕಳಿಸುವುದು ಚಿಕಿತ್ಸೆಯಾಗದು.

ಬೇನೆ ಯಾರ ಮನೆಗೆ ಹೆಚ್ಚು?

ಈ ಬೇನೆ ಎಲ್ಲರಿಗೂ ಬರುತ್ತದೆ. ಎಲ್ಲರಿಗೂ ಸಮನಾಗಿ ಬರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಯಾವುದಾದರೊಂದು ಮನೋಬೇನೆಯಿಂದ ಬಳಲುತ್ತಿರುವುದನ್ನು ಕಂಡಿತು. ಕಡಿಮೆ ಆದಾಯದ ಮನೆತನಗಳಲ್ಲಿ ಈ ಪ್ರಮಾಣ ಹೆಚ್ಚು. ಆತಂಕದ ಬೇನೆಗಳು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಖಿನ್ನತೆ, ಆತಂಕಗಳಂಥ ಸಾಮಾನ್ಯ ಮನೋಬೇನೆಗಳುಳ್ಳ ನೂರು ಜನರಲ್ಲಿ ಸುಮಾರು 85 ಮಂದಿಗೆ ಯಾವ ಚಿಕಿತ್ಸೆಯೂ ತಲುಪಿರಲಿಲ್ಲ. 2017ರ ಒಂದು ಅಂದಾಜಿನಂತೆ ಭಾರತದಲ್ಲಿ ಆತಂಕ ಮನೋಬೇನೆಯವರೇ ಸುಮಾರು ನಾಲ್ಕೂವರೆ ಕೋಟಿ.

ಬಡತನವು ಬೇನೆಯನ್ನು ತರುವುದೋ, ಬೇನೆಯು ಬಡತನವನ್ನು ತರುವುದೋ? ಎರಡೂ ನಿಜವೆಂದು ವಿದ್ವಾಂಸರು ಹೇಳುತ್ತಾರೆ. 2020ರಲ್ಲಿ 'ಸೈನ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾದ ವಿಮರ್ಶೆಯೊಂದರಂತೆ, ಒಂದೇ ಪ್ರದೇಶದಲ್ಲಿ ಅತಿ ಕಡಿಮೆ ವರಮಾನವುಳ್ಳವರಿಗೆ ಖಿನ್ನತೆ-ಆತಂಕಗಳು ಅತಿ ಹೆಚ್ಚು ವರಮಾನದವರಿಗಿಂತ ಒಂದೂವರೆ ಪಟ್ಟಿನಿಂದ ಮೂರು ಪಟ್ಟಿನವರೆಗೆ ಹೆಚ್ಚು. ಬಡವರಿಗೆ ನೇರ ಹಣಸಹಾಯ ದೊರೆತಾಗ ಈ ಬೇನೆಗಳು ಇಳಿದುದೂ, ಬೇನೆಗೆ ಚಿಕಿತ್ಸೆ ದೊರೆತಾಗ ದುಡಿಮೆ ಏರಿದುದೂ ಅದರಲ್ಲಿ ದಾಖಲಾಗಿವೆ. ಮೇಲೆ ಹೇಳಿದ ಕಾವಲುನಾಯಿಯ ಮಾತನ್ನೇ ಮುಂದುವರಿಸುವುದಾದರೆ, ನಿಜವಾಗಿಯೂ ಕಳ್ಳರು ದಿನವೂ ಬರುವ ಮನೆಯ ನಾಯಿ ಮಲಗುವುದನ್ನು ಕಲಿಯುವುದಾದರೂ ಎಂತು?

ಹೊಳೆಯ ಗುಂಟ

ಕಿತ್ತೂರು-ಬೈಲಹೊಂಗಲಗಳ ಮೇಲ್ನೆಲವನ್ನೇ ನೋಡೋಣ. ರಾಣಿ ಚೆನ್ನಮ್ಮನ ಕೋಟೆ ಕಿತ್ತೂರಿನಲ್ಲಿದೆ, ಸಮಾಧಿ ಬೈಲಹೊಂಗಲದಲ್ಲಿದೆ. ಸೆರೆಯಲ್ಲಿಯೂ ಅಂಜದ ವೀರಮಾತೆಯ ನಾಡೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಇದೇ ನಾಡಿನಲ್ಲಿ ಕಬ್ಬಿಗೂ ಹತ್ತಿಗೂ ದುಡಿಯುವ ಕೂಲಿಯ ಹೆಣ್ಣುಮಕ್ಕಳು ವಾರದ ಒಂದು ದಿನ ಬಂತೆಂದರೆ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂಡುತ್ತಾರೆ. ಅದು ಕಿರುಸಾಲದ ಕಂತಿನ ದಿನ. ಗುಂಪಿನಲ್ಲಿ ಒಬ್ಬಳು ಕಟ್ಟದಿದ್ದರೆ ಉಳಿದವರೆಲ್ಲರೂ ಅವಳ ಬಾಗಿಲಲ್ಲಿ ನಿಲ್ಲುತ್ತಾರೆ. ಸಾಲಕ್ಕಿಂತ ಮರ್ಯಾದೆಯ ಅಂಜಿಕೆ ದೊಡ್ಡದು. ವಸೂಲಿಯ ಕಿರುಕುಳವು ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಮಿತಿಮೀರಿದಾಗ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ನಮ್ಮ ಕಟ್ಟೆಯ ಕೆಳಗೆ ನಿಂತ ಆ ಹೆಣ್ಣುಮಗಳಿಗೆ ರಾತ್ರಿಯಲ್ಲಿ ಯಾರೋ ಬಾಗಿಲು ಬಡಿದಂತಾಗುತ್ತಿದ್ದುದು ಬರಿಯ ಭ್ರಮೆಯಾಗಿರಲಿಲ್ಲ. ಹಗಲಿನಲ್ಲಿ ಬಾಗಿಲು ನಿಜವಾಗಿಯೂ ಬಡಿಯಲ್ಪಡುತ್ತಿತ್ತು.

ಹೊಳೆ ಮುಂದೆ ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಲ್ಲುತ್ತದೆ. ಅಲ್ಲಿಂದ ಸವದತ್ತಿಯ ಎಲ್ಲಮ್ಮನ ಗುಡ್ಡ ಹತ್ತಿರ. ಹುಣ್ಣಿಮೆಯ ಜಾತ್ರೆಗಳಿಗೆ ಲಕ್ಷಾಂತರ ಭಕ್ತರು ಸೇರುವ ಆ ಕ್ಷೇತ್ರದ ಹೆಸರಿನಲ್ಲಿ ತಲೆಮಾರುಗಳವರೆಗೆ ಬಡ ದಲಿತ ಮನೆಗಳ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಲಾಯಿತು. ಮುಂಬಯಿ ಪ್ರಾಂತವು 1934ರಲ್ಲಿ, ಕರ್ನಾಟಕವು 1982ರಲ್ಲಿ ಇದನ್ನು ನಿಷೇಧಿಸಿ ಶಾಸನ ಮಾಡಿದವು. ಆದರೂ 1993–94 ಮತ್ತು 2007–08ರ ಸರಕಾರಿ ಸಮೀಕ್ಷೆಗಳು ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಒಟ್ಟು 46,660 ಮಂದಿ ಈ ಪದ್ಧತಿಗೆ ಬಲಿಯಾದ ಹೆಣ್ಣುಮಕ್ಕಳನ್ನು ಗುರುತಿಸಿದವು. ಹತ್ತು-ಹನ್ನೆರಡರ ವಯಸ್ಸಿನಲ್ಲಿ ತನ್ನ ದೇಹ ತನ್ನದಲ್ಲವೆಂದು ಕಲಿತ ಮಗುವಿನ ಎದೆಗೆ ನೆಮ್ಮದಿಯು ಮುಪ್ಪಿನಲ್ಲಿಯೂ ಮರಳುವುದು ಕಠಿಣ. ಆಕೆಯ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಮುಂದೆ ಏನು ಬರೆಯಬೇಕೆಂದು ತಿಳಿಯದೆ ಬೆವರಿದುದನ್ನು ಈ ಭಾಗದ ಶಿಕ್ಷಕರು ಬಲ್ಲರು. ಹನ್ನೆರಡನೆಯ ಶತಮಾನದಲ್ಲಿ ಸೂಳೆ ಸಂಕವ್ವೆಯು ತನ್ನ ಹಿಂದಿನ ವೃತ್ತಿಯ ಹೆಸರನ್ನು ಮುಚ್ಚಿಡದೆಯೇ ಶರಣೆಯಾದಳು, ವಚನಕಾರ್ತಿಯಾದಳು. ಅವಳಿಗೆ ಅನುಭವ ಮಂಟಪದ ಬಾಗಿಲು ತೆರೆದಿತ್ತು. ಇಂದು ಆ ತಾಯಂದಿರಿಗೆ ನಮ್ಮ ಯಾವ ಬಾಗಿಲು ತೆರೆದಿದೆ?

ಅಣೆಕಟ್ಟೆಯ ಕೆಳಗೆ ರಾಮದುರ್ಗ. 2009ರಲ್ಲಿ ಒಮ್ಮೆ, 2019ರ ಆಗಸ್ಟಿನಲ್ಲಿ ಮತ್ತೊಮ್ಮೆ ಮಲಪ್ರಭೆ ಉಕ್ಕಿ ನದಿತೀರದ ಹಳ್ಳಿಗಳನ್ನು ನುಂಗಿತು. ಹೊಳೆಯ ದಂಡೆಯ ತಗ್ಗಿನಲ್ಲಿ ಮನೆ ಕಟ್ಟಿಕೊಂಡವರು ಸಾಮಾನ್ಯವಾಗಿ ಬೇರೆಲ್ಲಿಯೂ ಜಾಗ ಸಿಕ್ಕದವರು. ಮಣ್ಣಿನ ಗೋಡೆ ಮೊದಲು ಕುಸಿಯುತ್ತದೆ. ಕುಣಿಮಗ್ಗಕ್ಕೆ ನೀರು ಹೊಕ್ಕರೆ ನೇಕಾರನ ಅನ್ನವೇ ಮುಳುಗುತ್ತದೆ. ನೆರೆ ಇಳಿದು ಪರಿಹಾರದ ಲೆಕ್ಕ ಮುಗಿದ ಮೇಲೂ, ಶ್ರಾವಣದ ಮೋಡ ಕವಿದಾಗಲೆಲ್ಲ ಹಾಸಿಗೆ ಸುತ್ತಿಟ್ಟುಕೊಂಡು ಕೂಡುವ ಮುದುಕರನ್ನು, ಅಣೆಕಟ್ಟೆಯಿಂದ ನೀರು ಬಿಟ್ಟರಂತೆ ಎಂಬ ಗಾಳಿಮಾತಿಗೇ ಅಳತೊಡಗುವ ಮಕ್ಕಳನ್ನು ಆ ಊರುಗಳಲ್ಲಿ ನಾವು ಕಂಡಿದ್ದೇವೆ. ಬಿದ್ದ ಗೋಡೆಗೆ ಪರಿಹಾರವುಂಟು. ಈ ನಡುಕಕ್ಕೆ ಯಾವ ಪಂಚನಾಮೆಯಲ್ಲಿಯೂ ಕಾಲಂ ಇಲ್ಲ.

ಹರಳಯ್ಯನವರ ತಳಮಳ

ಬಡತನವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಆಶಿಶ್ ಗುಪ್ತಾ ಮತ್ತು ಡಯೇನ್ ಕಾಫಿ ಎಂಬ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮನ್ನು ಬಹಳ ಚಿಂತನೆಗೆ ಹಚ್ಚಿತು. ವಿಶ್ವ ಆರೋಗ್ಯ ಸಂಸ್ಥೆಯು 2007–08ರಲ್ಲಿ ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳಲ್ಲಿ ಸಂಗ್ರಹಿಸಿದ ಮಾಹಿತಿಯನ್ನು ಅವರು ಪರಿಶೀಲಿಸಿದರು. ಪರಿಶಿಷ್ಟ ಜಾತಿಯವರೂ ಮುಸಲ್ಮಾನರೂ ತಮ್ಮ ದುಃಖ-ಆತಂಕಗಳನ್ನು ಮೇಲ್ಜಾತಿಯವರಿಗಿಂತ ಹೆಚ್ಚಾಗಿ ಹೇಳಿಕೊಂಡಿದ್ದರು. ವಿದ್ಯೆ, ಆಸ್ತಿಗಳ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ವ್ಯತ್ಯಾಸ ಪೂರ್ತಿಯಾಗಿ ಅಳಿಯಲಿಲ್ಲ. ಅಂದರೆ, ಸಮನಾಗಿ ಓದಿ ಸಮನಾಗಿ ಗಳಿಸಿದರೂ ಅವರ ಎದೆಯ ಮೇಲಿನ ಭಾರ ಸಮನಾಗುವುದಿಲ್ಲ. ಆ ಉಳಿದ ಭಾರ ಎಲ್ಲಿಂದ ಬಂದಿತು?

ಇದಕ್ಕೆ ಉತ್ತರವನ್ನು ನಾವು ಚಿಕ್ಕಂದಿನಿಂದಲೂ ಕೇಳುತ್ತ ಬಂದ ಕಥೆಯಲ್ಲಿಯೇ ಕಾಣಬಹುದೆಂದು ನಮಗೆ ತೋರುತ್ತದೆ. ಸಮಗಾರ ಹರಳಯ್ಯನವರು ದಾರಿಯಲ್ಲಿ ಬಸವಣ್ಣನವರನ್ನು ಕಂಡು ಶರಣು ಎಂದರು. ಬಸವಣ್ಣನವರು ಶರಣು ಶರಣಾರ್ಥಿ ಎಂದು ಮರುನುಡಿದರು. ತಾನು ಕೊಟ್ಟದ್ದು ಒಂದು ಶರಣು, ಮರಳಿ ಬಂದದ್ದು ಎರಡು. ಹರಳಯ್ಯನವರಿಗೆ ತಳಮಳ ಹತ್ತಿತು. ಈ ಋಣವನ್ನು ಹೇಗೆ ತೀರಿಸಲಿ ಎಂದು ಮಡದಿ ಕಲ್ಯಾಣಮ್ಮನೊಡನೆ ಮರುಗಿ, ತಮ್ಮಿಬ್ಬರ ತೊಡೆಯ ಚರ್ಮದಿಂದ ಪಾದರಕ್ಷೆಗಳನ್ನು ಹೊಲಿದು ತಂದರು. ನಾವು ಇದನ್ನು ಭಕ್ತಿಯ ಪರಾಕಾಷ್ಠೆಯೆಂದು ವರ್ಣಿಸುತ್ತೇವೆ, ಅದು ಸರಿ. ಆದರೆ ಇಳಿವಯಸ್ಸಿನಲ್ಲಿ ಈ ಕಥೆ ನಮಗೆ ಇನ್ನೊಂದು ಮಾತನ್ನೂ ಹೇಳುತ್ತಿದೆ. ಒಂದು ಹೆಚ್ಚಿನ ನಮಸ್ಕಾರವನ್ನು ನೆಮ್ಮದಿಯಿಂದ ಸ್ವೀಕರಿಸಲಾಗದಷ್ಟು ಆ ಹಿರಿಯ ಜೀವವನ್ನು ಸಮಾಜವು ಅದುವರೆಗೆ ಕುಗ್ಗಿಸಿತ್ತು. ಹುಟ್ಟಿನಿಂದ ತಾತ್ಸಾರವನ್ನೇ ಉಂಡವರಿಗೆ ಗೌರವವೂ ಎದೆ ನಡುಗಿಸುತ್ತದೆ.

ಚಹದಂಗಡಿಯಲ್ಲಿ ಯಾವ ಲೋಟ ಕೈಗೆ ಬರುವುದೋ, ಗೌಡರ ಅಂಗಳದಲ್ಲಿ ಎಲ್ಲಿಯವರೆಗೆ ಹೋಗಬಹುದೋ, ಬಾಡಿಗೆಯ ಮನೆ ಕೇಳಿದಾಗ ಅಡ್ಡಹೆಸರು ಹೇಳಬೇಕೋ ಬೇಡವೋ, ಹೀಗೆ ದಿನಕ್ಕೆ ಹತ್ತು ಬಾರಿ ಲೆಕ್ಕ ಹಾಕಬೇಕಾದ ಮನಸ್ಸಿಗೆ ಕಾವಲಿನಿಂದ ಬಿಡುವು ಎಲ್ಲಿ? ಈ ಲೆಕ್ಕವನ್ನು ನಾವು ಹಾಕಬೇಕಾಗಿ ಬಂದಿಲ್ಲ. ಹಾಕುವಂತೆ ಮಾಡಿದವರಲ್ಲಿ ನಮ್ಮ ಮನೆತನಗಳೂ ಸೇರಿವೆ ಎಂಬುದನ್ನು, ಕಹಿಯಾದರೂ, ಒಪ್ಪದೆ ಗತಿಯಿಲ್ಲ. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದವರು ಇನ್ನೊಬ್ಬರ ಎದೆಯ ಮೇಲೆ ಕಲ್ಲು ಹೇರಬಾರದಷ್ಟೆ?

ಔಷಧ ಉಂಟು, ದಾರಿ ದೂರ

ಸಮಾಧಾನದ ಸಂಗತಿಯೆಂದರೆ ಈ ಬೇನೆ ಗುಣವಾಗತಕ್ಕದ್ದು. ನುರಿತವರ ಆಪ್ತಸಮಾಲೋಚನೆ, ಉಸಿರನ್ನು ನಿಧಾನಗೊಳಿಸುವ ಅಭ್ಯಾಸ, ಅಂಜುವ ಸಂಗತಿಯನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಕ್ರಮ, ಅಗತ್ಯವಿದ್ದರೆ ಗುಳಿಗೆಗಳು, ಇವುಗಳಿಂದ ಬಹುಪಾಲು ಜನ ಮರಳಿ ನೆಮ್ಮದಿಯ ಬಾಳನ್ನು ಕಾಣುತ್ತಾರೆ. ಆದರೆ ಗುಳಿಗೆಯ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಅದಕ್ಕೂ ಹೆಚ್ಚು ಬೇಕು; ಆಮೇಲೂ ತಿಂಗಳುಗಟ್ಟಲೆ ಬಿಡದೆ ನುಂಗಬೇಕು. ದಿನಗೂಲಿಯವರು ಒಂದು ವಾರ ನೋಡಿ, ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಕೂಡಲೇ ನಿದ್ರೆ ತರುವ ಗುಳಿಗೆಯನ್ನು ಅಂಗಡಿಯಿಂದಲೇ ತಂದು ಅದರ ಚಟಕ್ಕೆ ಸಿಲುಕುತ್ತಾರೆ. ಅಂಥದನ್ನು ವೈದ್ಯರ ಮಾತಿಲ್ಲದೆ ತೆಗೆದುಕೊಳ್ಳುವುದೂ ಅಪಾಯ, ಒಮ್ಮೆಲೇ ನಿಲ್ಲಿಸುವುದೂ ಅಪಾಯ.

ನಮ್ಮ ಭಾಗಕ್ಕೆ ಮನೋವೈದ್ಯವು ಹೊಸದಲ್ಲ. ಧಾರವಾಡದಲ್ಲಿ 1845ರಲ್ಲಿಯೇ ಹುಚ್ಚರ ಆಸ್ಪತ್ರೆಯೆಂದು ಆರಂಭವಾದ ಸಂಸ್ಥೆ ಇಂದು ಡಿಮ್ಹಾನ್ಸ್ ಎಂಬ ಹೆಸರಿನಿಂದ ಉತ್ತರ ಕರ್ನಾಟಕಕ್ಕೆಲ್ಲ ಆಸರೆಯಾಗಿದೆ. ಆದರೆ ಆ ಹಳೆಯ ಹೆಸರಿನ ನೆರಳು ಇನ್ನೂ ಅಳಿದಿಲ್ಲ. ಧಾರವಾಡಕ್ಕೆ ಹೋದರಂತೆ ಎಂದರೆ ಸಾಕು, ಮಗಳ ಮದುವೆ ನಿಂತೀತೆಂದು ಅಂಜುವವರಿದ್ದಾರೆ. ದೂರವೂ ಸಣ್ಣದಲ್ಲ. ಕಿತ್ತೂರಿನಿಂದ ಧಾರವಾಡ ಸುಮಾರು 30 ಕಿ.ಮೀ.; ರಾಮದುರ್ಗದವರಿಗೆ ಅದರ ಮೂರು ಪಟ್ಟಿನಷ್ಟು. ಬಸ್ಸಿನ ಖರ್ಚು, ಒಂದು ದಿನದ ಕೂಲಿ, ಜೊತೆಗೆ ಬರುವವರ ಇನ್ನೊಂದು ಕೂಲಿ, ಇವು ಸೇರಿದರೆ ಉಚಿತ ಚಿಕಿತ್ಸೆಯೂ ದುಬಾರಿಯಾಗುತ್ತದೆ. ರೋಗಿಯಿರುವ ಕುಟುಂಬವು ಚಿಕಿತ್ಸೆಗೂ ಪ್ರಯಾಣಕ್ಕೂ ಸೇರಿ ತಿಂಗಳಿಗೆ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ ವೆಚ್ಚ ಮಾಡಬೇಕಾಗುತ್ತದೆಂದು ಮೇಲೆ ಹೇಳಿದ ರಾಷ್ಟ್ರೀಯ ಸಮೀಕ್ಷೆಯೇ ಕಂಡುಕೊಂಡಿತ್ತು.

ಈ ದೂರವನ್ನು ಕಡಿಮೆ ಮಾಡುವ ಪ್ರಯತ್ನದಲ್ಲಿ ಕರ್ನಾಟಕವು ದೇಶಕ್ಕೇ ದಾರಿ ತೋರಿದೆ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೇ ಮನೋಬೇನೆಗಳ ಚಿಕಿತ್ಸೆಯನ್ನು ಕಲಿಸಿತು. ಆ ಮಾದರಿಯೇ 1996ರಿಂದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ನಮ್ಮ ನೆರೆಯ ಗೋವೆಯಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ವೈದ್ಯರಲ್ಲದ ಸಾಮಾನ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಖಿನ್ನತೆ-ಆತಂಕದವರ ಆಪ್ತಸಮಾಲೋಚನೆಗೆ ನೇಮಿಸಲಾಯಿತು. ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಇಂಥ ನೆರವು ಪಡೆದವರಲ್ಲಿ ಆರು ತಿಂಗಳಿಗೆ ನೂರಕ್ಕೆ ಸುಮಾರು 66 ಮಂದಿ ಗುಣಹೊಂದಿದರು. ಪಡೆಯದವರಲ್ಲಿ ಸುಮಾರು 42 ಮಂದಿ ಮಾತ್ರ. ಪಕ್ಕದಲ್ಲಿ ಕುಳಿತು ಕೇಳುವ, ತಿಳಿದು ಮಾತಾಡುವ ಒಬ್ಬ ಸಾಮಾನ್ಯ ಮನುಷ್ಯನಿಂದ ಇಷ್ಟು ಸಾಧ್ಯವೆಂದಾಯಿತು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಚಿಕಿತ್ಸೆಯನ್ನು ಪ್ರತಿಯೊಬ್ಬರ ಹಕ್ಕನ್ನಾಗಿ ಮಾಡಿದೆ. ಜಾತಿ, ಲಿಂಗ, ಧರ್ಮ, ವರ್ಗಗಳ ಭೇದ ಸಲ್ಲದೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಬಡತನದ ರೇಖೆಗಿಂತ ಕೆಳಗಿನವರಿಗೆ, ಪಡಿತರ ಚೀಟಿ ಕೈಯಲ್ಲಿರಲಿ ಇಲ್ಲದಿರಲಿ, ಸರಕಾರಿ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆ ಸಲ್ಲಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗ ಕರೆ ಮಾಡಿದರೂ ಕನ್ನಡದಲ್ಲಿಯೇ, ಯಾವ ಶುಲ್ಕವೂ ಇಲ್ಲದೆ, ಸಲಹೆ ದೊರೆಯುತ್ತದೆ. ಇವೆಲ್ಲ ಇವೆ. ಕೇರಿಯ ಹೆಣ್ಣುಮಗಳಿಗೆ ಅವು ಇವೆಯೆಂದು ಹೇಳುವವರಿಲ್ಲ.

ಮಠ-ಮನೆಗಳ ಕರ್ತವ್ಯ

ಹೇಳಬೇಕಾದವರು ನಾವೇ. ಈ ನಾಲ್ಕು ತಾಲೂಕುಗಳಲ್ಲಿ ಮಠವಿಲ್ಲದ ದೊಡ್ಡ ಊರು ವಿರಳ, ಪುರಾಣ ನಡೆಯದ ಶ್ರಾವಣ ಇಲ್ಲ. ಪ್ರವಚನದ ಕೊನೆಯ ಹತ್ತು ನಿಮಿಷಗಳನ್ನು ಈ ವಿಷಯಕ್ಕೆ ಮೀಸಲಿಟ್ಟರೆ ಯಾವ ಪುರಾಣಕ್ಕೂ ಕೊರತೆಯಾಗದು. 14416 ಎಂಬ ಅಂಕಿಯನ್ನು ದಾಸೋಹದ ಮನೆಯ ಗೋಡೆಗೆ ದೊಡ್ಡ ಅಕ್ಷರದಲ್ಲಿ ಬರೆಯಿಸೋಣ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂಬುದನ್ನು ಆಶಾ ಕಾರ್ಯಕರ್ತೆಯರಿಂದ ತಿಳಿದು ಜಾತ್ರೆಯ ಕರಪತ್ರದಲ್ಲಿ ಅಚ್ಚುಮಾಡಿಸೋಣ.

ದಾಸೋಹವೆಂದರೆ ಅನ್ನವೊಂದೇ ಅಲ್ಲ. ರೋಗಿಯೊಡನೆ ಧಾರವಾಡದವರೆಗೆ ಹೋಗಿಬರುವ ಒಬ್ಬ ತರುಣನ ಒಂದು ದಿನವೂ ದಾಸೋಹ. ಆ ದಿನದ ಕೂಲಿಯನ್ನು ತುಂಬಿಕೊಡುವುದೂ ದಾಸೋಹ. ಅಕ್ಕನ ಬಳಗದ ತಾಯಂದಿರಿಗೆ ನಮ್ಮದೊಂದು ವಿಶೇಷ ವಿನಂತಿ. ಗೋವೆಯಲ್ಲಿ ಸಾಮಾನ್ಯ ಕಾರ್ಯಕರ್ತರು ಮಾಡಿದುದನ್ನು ನೀವೂ ಮಾಡಬಲ್ಲಿರಿ. ಪ್ರತಿ ಊರಿನಿಂದ ಇಬ್ಬರು ತರಬೇತಿ ಪಡೆದು, ಕೇರಿಯ ಭೇದವೆಣಿಸದೆ ಮನೆಮನೆಗೆ ಹೋಗಿ ಕೇಳುವುದನ್ನು ಕಲಿಯಿರಿ. ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ತಜ್ಞರು ತಿಳಿಗನ್ನಡದಲ್ಲಿ ಬರೆದ ಪುಸ್ತಕಗಳಿವೆ. ಬಳಗದಲ್ಲಿ ಓದಿ ಚರ್ಚಿಸಿರಿ.

ಲಿಂಗಪೂಜೆ, ಧ್ಯಾನಗಳು ಮನಸ್ಸಿಗೆ ನೆಮ್ಮದಿ ಕೊಡುತ್ತವೆ ಎಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗುಳಿಗೆ ಬಿಟ್ಟು ಪೂಜೆ ಮಾಡು ಎಂದು ಯಾರೂ ಯಾರಿಗೂ ಹೇಳಬಾರದು. ಭಕ್ತಿ ಸಾಲದ್ದರಿಂದ ನಿನಗೆ ಈ ಬೇನೆ ಬಂದಿತೆಂಬ ಮಾತಂತೂ ಸಲ್ಲದು. ಕಣ್ಣಿಗೆ ಪೊರೆ ಬಂದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಅನಂತರ ಲಿಂಗವನ್ನು ಸ್ಪಷ್ಟವಾಗಿ ನೋಡುತ್ತೇವೆ; ಇದೂ ಹಾಗೆಯೇ.

ಇನ್ನುಳಿದದ್ದು ನಮ್ಮ ಮನೆಗಳ ಮಾತು. ಆಳಿನ ಸಾಲವನ್ನು ನಾಲ್ಕು ಜನರ ಮುಂದೆ ನೆನಪಿಸದಿರುವುದು, ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು ಮುರಿಯದಿರುವುದು, ಮನೆಯವರು ಕುಡಿಯುವ ಲೋಟದಲ್ಲಿಯೇ ಅವರಿಗೂ ಚಹ ಕೊಡುವುದು, ಇವು ಯಾವ ವೈದ್ಯರೂ ಬರೆದುಕೊಡದ, ನಮ್ಮ ಕೈಯಲ್ಲಿಯೇ ಇರುವ ಔಷಧಗಳು.

ಮತ್ತೆ ಆ ಕಟ್ಟೆಯ ಬಳಿ

ಎರಡು ವರ್ಷಗಳ ಬಳಿಕ ಅದೇ ಊರಿಗೆ ಹೋದಾಗ ಆ ಹೆಣ್ಣುಮಗಳು ಮತ್ತೆ ಬಂದಳು. ಗುರುತು ಹತ್ತದಷ್ಟು ಮುಖ ತಿಳಿಯಾಗಿತ್ತು. ನಾವು ಕಳಿಸಿದ ಮೇಲೆ ಒಂದು ವರ್ಷ ಅಲ್ಲಲ್ಲಿ ಸಲಾಯಿನ್ ಹಚ್ಚಿಸಿಕೊಂಡು, ತಾಯತ ಕಟ್ಟಿಸಿಕೊಂಡು, ಎರಡು ಆಡು ಮಾರಿ, ಕಡೆಗೆ ಊರ ಆಶಾ ಕಾರ್ಯಕರ್ತೆಯ ಮಾತು ಕೇಳಿ ಸರಕಾರಿ ಆಸ್ಪತ್ರೆಗೆ ಹೋಗಿದ್ದಳು. ಗುಳಿಗೆ ನುಂಗಿ ನಾಲ್ಕನೆಯ ವಾರಕ್ಕೆ ರಾತ್ರಿಯಿಡೀ ಮಲಗಿದಳಂತೆ. ನಾವು ವ್ಯಾಪಾರಸ್ಥರ ಮಗನನ್ನು ಧಾರವಾಡಕ್ಕೆ ಕಳಿಸಿದ ಸಂಗತಿ ಊರಿಗೆಲ್ಲ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಅವಳ ಮಾತಿನಲ್ಲಿ ಆಕ್ಷೇಪಣೆಯ ಲವಲೇಶವೂ ಇರಲಿಲ್ಲ. "ಅಜ್ಜಾರ, ಔಷಧ ಎಲ್ಲಿ ಸಿಗತೈತಿ ಅನ್ನೂದನ್ನ ನೀವು ಮೈಕಿನ್ಯಾಗ ಹೇಳ್ರಿ. ನಮ್ಮ ಕೇರಿತನಾ ಕೇಳಸತೈತಿ" ಎಂದಳು.

ಎಷ್ಟೋ ವರ್ಷಗಳಿಂದ ನಮ್ಮ ಪುರಾಣ ಆ ಕೇರಿಯವರೆಗೆ ಕೇಳಿಸುತ್ತಿತ್ತು. ಅವರಿಗೆ ಬೇಕಾದ ಒಂದು ಮಾತನ್ನು ನಾವು ಅದರಲ್ಲಿ ಆಡಿರಲಿಲ್ಲ. ಅಂದಿನಿಂದ ಪ್ರತಿ ಪ್ರವಚನದ ಕೊನೆಗೆ ಅದನ್ನು ಹೇಳುತ್ತ ಬಂದಿದ್ದೇವೆ. ಇಂದು ಈ ಪುಟಗಳಲ್ಲಿಯೂ ಹೇಳಿದ್ದೇವೆ. ಓದಿದ ಬಂಧುಗಳು ತಮ್ಮ ಹೊಲದಲ್ಲಿ ದುಡಿಯುವವರಿಗೆ, ತಮ್ಮ ಓಣಿಯ ಕೊನೆಯ ಮನೆಯವರಿಗೆ, ಹೊಳೆಯ ದಂಡೆಯವರಿಗೆ ತಲುಪಿಸಬೇಕೆಂದು ಕೈಮುಗಿದು ಕೇಳುತ್ತೇವೆ. ಅವರು ಶರಣು ಎಂದಾಗ ಬಸವಣ್ಣನವರು ಕೊಟ್ಟ ಉತ್ತರವನ್ನೇ ಕೊಡೋಣ.

ಶರಣು ಶರಣಾರ್ಥಿ.